ಹಿನ್ನೀರಿಗೆ ಬೆನ್ನು ಹಾಕಿದ ಕುರ್ಚಿಗಳು

"ಈ ಕುರ್ಚಿಗಳನ್ನ ತಿರುಗಿಸಿದ್ದು ಯಾರು?"

ಮುಂಗಡ ಮೇಡಂ ಹುಲ್ಲುಹಾಸಿನ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ತಿಂಡಿಗೆ ಏಳುವ ಮುಂಚೆ ಅವರೇ ನಿಂತು ಹಾಕಿಸಿದ್ದ ಬಿಳಿ ಕುರ್ಚಿಗಳೆಲ್ಲ ನೀರಿಗೆ ಮುಖ ಮಾಡಿದ್ದವು. ಈಗ ನೋಡಿದರೆ ಮುಂದಿನ ಸಾಲು ಪೂರ್ತಿ ಹಿನ್ನೀರಿಗೆ ಬೆನ್ನು ಹಾಕಿ ಅತಿಥಿಗೃಹದ ಗೋಡೆಯನ್ನು ದಿಟ್ಟಿಸುತ್ತಿತ್ತು.

ಮದುವೆ ಇದ್ದದ್ದು ಮುಂದಿನ ವರ್ಷ ಇದೇ ದಿನ. ಊರು ಬಿಟ್ಟು ಬೇರೆಲ್ಲೋ ಹೋಗಿ ಮದುವೆ ಮಾಡಿಕೊಳ್ಳುವ ಹುಚ್ಚು ಹಿಡಿದವರೆಲ್ಲ ಮೊದಲು ಹುಡುಕಿಕೊಂಡು ಹೋಗುವುದು ಈ ಆಯೋಜಕಿಯನ್ನೇ. ಒಂದು ವರ್ಷ ಮುಂಚೆ, ಅದೇ ದಿನ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕುರ್ಚಿ ಹಾಕಿಸಿ, ಮನೆಯವರನ್ನು ಕೂರಿಸಿ, ಯಾರ ಕಣ್ಣಿಗೆ ಬಿಸಿಲು ಬೀಳುತ್ತದೆ, ಯಾರ ತಲೆಯ ಮೇಲೆ ಹಕ್ಕಿ ಗಲೀಜು ಮಾಡುತ್ತದೆ ಎಂದೆಲ್ಲ ನೋಡದೆ ಆಕೆ ಕೆಲಸ ಒಪ್ಪಿಕೊಂಡವರಲ್ಲ. ಹಾಗಾಗಿಯೇ ಮುಂಗಡ ಮೇಡಂ ಎಂಬ ಹೆಸರು ಬಿದ್ದಿತ್ತು. ಎದುರಿಗೇ ಹಾಗೆ ಕರೆದರೂ ಅವರಿಗೆ ಬೇಜಾರಿರಲಿಲ್ಲ.

"ನಾನೇ ತಿರುಗಿಸಿದ್ದು," ಎಂದ ಮದುವೆಯ ಗಂಡು. ಊರಲ್ಲಿ ಹೆಸರಾದ ಹಲ್ಲಿನ ಡಾಕ್ಟರು. "ಬಿಸಿಲು ಕಣ್ಣಿಗೆ ಹೊಡೀತಿತ್ತು."

"ಬಿಸಿಲು ಬೆನ್ನಿಗಿತ್ತು ಡಾಕ್ಟ್ರೇ. ನೀವು ತಿರುಗಿಸಿದ ಮೇಲೆ ಕಣ್ಣಿಗೆ ಹೊಡೀತಿರೋದು."

ಡಾಕ್ಟರು ಮೇಲೆ ನೋಡಿದ. ಸೂರ್ಯ ಅತಿಥಿಗೃಹದ ಮಾಡಿನ ಮೇಲೆ ನಿಂತು ನೇರವಾಗಿ ಅವನ ಮುಖಕ್ಕೇ ಹೊಡೆಯುತ್ತಿದ್ದ. ಅವನು ಕಣ್ಣು ಕಿರಿದು ಮಾಡಿಕೊಂಡ.

ಪಕ್ಕದ ಕುರ್ಚಿಯಲ್ಲಿ ಕೂತು ಕಾಫಿ ಆರಿಸಿಕೊಳ್ಳುತ್ತಿದ್ದ ದೊಡ್ಡಮ್ಮ ಇದನ್ನು ಮನಸ್ಸಿನಲ್ಲಿ ಎತ್ತಿಟ್ಟುಕೊಂಡರು. ದೊಡ್ಡಮ್ಮ ಎಂದರೆ ಯಾರಿಗೂ ದೊಡ್ಡಮ್ಮನಲ್ಲ. ಪೊಲೀಸ್ ಇನ್‌ಸ್ಪೆಕ್ಟರ್ ಆಗಿದ್ದಾಗ ಠಾಣೆಗೆ ಬಂದ ಕಳ್ಳನಿಗೂ "ಊಟ ಆಯ್ತೇನೋ?" ಎಂದು ಕೇಳಿಯೇ ಬಾಯಿ ಬಿಡಿಸುತ್ತಿದ್ದ ಹೆಂಗಸು. ಕಳ್ಳರಿಟ್ಟ ಹೆಸರು ನಿವೃತ್ತಿಯಾದರೂ ಬಿಟ್ಟಿರಲಿಲ್ಲ.

ಯಾರೋ ಎರಡು ಸಲ ಫೋನು ಮಾಡಿ, ಮನೆಯವರಂತೆ ಮಾತಾಡಿ, ಈ ಅತಿಥಿಗೃಹದ ಬುಕಿಂಗ್ ರದ್ದು ಮಾಡಿಸಿದ್ದರು. ಎರಡು ಸಲವೂ ಮತ್ತೆ ಬುಕ್ ಮಾಡಿಸಿದ ಹುಡುಗಿಯ ತಂದೆ, ಅದು ಯಾರೆಂದು ಪತ್ತೆ ಮಾಡಲು ದೊಡ್ಡಮ್ಮನನ್ನು ಜೊತೆಗೆ ಕರೆತಂದಿದ್ದರು.

ಆ ತಂದೆ ಈಗ ಸಾಲಿನ ಕೊನೆಯಲ್ಲಿ ಕುರ್ಚಿಯೊಂದನ್ನು ತಲೆಕೆಳಗು ಮಾಡಿ ಅದರ ಕಾಲು ಅಲ್ಲಾಡಿಸಿ ನೋಡುತ್ತಿದ್ದರು. ದೊಡ್ಡ ಸೋಫಾ ಅಂಗಡಿಯ ಯಜಮಾನರು. ಎಲ್ಲಿಗೆ ಹೋದರೂ ಕೂರುವ ಮುಂಚೆ ಆಸನದ ಜಾತಕ ನೋಡುವುದು ಅವರ ಅಭ್ಯಾಸ.

"ಮೇಡಂ, ಇದರ ಮೇಲೆ ನಮ್ಮ ಬೀಗರು ಕೂತ್ರೆ ಮದುವೆ ಊಟ ಆಸ್ಪತ್ರೇಲೇ," ಎಂದರು. ಎಲ್ಲರೂ ನಕ್ಕರು. "ಆದ್ರೆ ಜಾಗ ಮಾತ್ರ ಚಿನ್ನದಂಥದ್ದು. ನನ್ನ ಮಗಳೇ ಹುಡುಕಿದ್ದು. ನಾನಂತೂ ಈ ಕಡೆ ತಲೆ ಹಾಕಿದವನೇ ಅಲ್ಲ."

ಜಾಗ ಚೆನ್ನಾಗಿಯೇ ಇತ್ತು. ಹುಲ್ಲುಹಾಸು ಇಳಿಜಾರಾಗಿ ನೀರಿನವರೆಗೂ ಹೋಗಿತ್ತು. ಅಣೆಕಟ್ಟು ಗುಡ್ಡದ ಆಚೆ ಎಲ್ಲೋ ಇತ್ತು, ಇಲ್ಲಿಗೆ ಕಾಣುತ್ತಿದ್ದುದು ಅದರ ಹಿನ್ನೀರು ಮಾತ್ರ. ನೀರಿನ ನಡುವೆ ಒಂದು ದುಂಡನೆಯ ಕಲ್ಲಿನ ಗೋಪುರ, ಅದರ ಮೇಲೆ ಟೋಪಿಯಂತೆ ಒಂದು ಚಾವಣಿ.

ಎಲ್ಲರೂ ಆ ಗೋಪುರವನ್ನೇ ನೋಡುತ್ತಿದ್ದರು, ಮದುವಣಗಿತ್ತಿಯನ್ನು ಬಿಟ್ಟು. ಅಪ್ಪ ಪುಟ್ಟಿ ಎಂದು ಕರೆಯುತ್ತಿದ್ದ ಆ ಹುಡುಗಿ ನೋಡುತ್ತಿದ್ದುದು ಅಪ್ಪನ ಮುಖವನ್ನು. ಹೊಟ್ಟೆ ತುಂಬ ಉಣ್ಣಿಸಿದ ಮೇಲೆ ಮಗುವಿನ ಮುಖ ನೋಡುವ ತಾಯಿಯಂತೆ, ಕಣ್ಣು ಕೀಳದೆ ನೋಡುತ್ತಿದ್ದಳು. ಅದು ದೊಡ್ಡಮ್ಮನಿಗೆ ಯಾಕೋ ಸರಿಬರಲಿಲ್ಲ.

*

ಮ್ಯಾನೇಜರನ ಕೋಣೆಯ ಗೋಡೆ ತುಂಬ ಫೋಟೋಗಳು. ಎಲ್ಲದರಲ್ಲೂ ಹಿನ್ನೀರು ದಂಡೆ ಮುಟ್ಟುವಷ್ಟು ತುಂಬಿತ್ತು.

"ಫೋನಿನಲ್ಲಿ ಗಂಡಸಿನ ದನಿ ಅಂದ್ರಲ್ಲ," ಎಂದರು ದೊಡ್ಡಮ್ಮ. "ಬೇರೇನಾದ್ರೂ ಕೇಳಿದ್ನಾ?"

"ಏನೂ ಇಲ್ಲ ದೊಡ್ಡಮ್ಮ. ರದ್ದು ಮಾಡಿ ಅಂದ. ಅಷ್ಟೇ."

"ನೀವು ತಕ್ಷಣ ಒಪ್ಪಿಬಿಟ್ರಿ. ಮನೆಯವರಿಗೆ ವಾಪಸ್ ಒಂದು ಫೋನು ಮಾಡಿ ಕೇಳ್ಲಿಲ್ಲ. ಎರಡನೇ ಸಲಾನೂ ಕೇಳ್ಲಿಲ್ಲ."

ಮ್ಯಾನೇಜರ್ ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ, ಇನ್ನೊಂದು ಕಡೆ ಇಟ್ಟು, ಮತ್ತೆ ಮೊದಲಿನ ಜಾಗಕ್ಕೇ ಇಟ್ಟ. ಬಾಯಿಗೆ ಬೀಗ ಹಾಕಿಕೊಂಡವರ ಕೈ ಸುಮ್ಮನಿರುವುದಿಲ್ಲ ಎಂಬುದು ದೊಡ್ಡಮ್ಮನ ಅನುಭವ.

ಅವರು ಕುರ್ಚಿಗಳ ಬಗ್ಗೆ ಯೋಚಿಸಿದರು. ಬಿಸಿಲು ನೆಪ. ತಿರುಗಿಸಿದವನಿಗೆ ಬೇಡವಾಗಿದ್ದದ್ದು ನೀರು.

"ಊಟ ಆಯ್ತಾ ನಿಮ್ದು?" ಎಂದು ಮೆತ್ತಗೆ ಕೇಳಿದರು. "ಇಲ್ವಾ? ಪಾಪ. ಹೋಗ್ಲಿ, ಇದೊಂದು ಹೇಳಿಬಿಡಿ, ಊಟ ಮಾಡೋರಂತೆ. ಮುಂದಿನ ವರ್ಷ ಈ ಹೊತ್ತಿಗೆ ಆ ನೀರಿಗೆ ಏನಾಗುತ್ತೆ?"

ಮ್ಯಾನೇಜರನ ಮುಖದ ಬಣ್ಣ ಇಳಿಯಿತು. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದ.

"ಅಣೆಕಟ್ಟಿನ ಗೇಟು ರಿಪೇರಿಗೆ ತಗೋತಾರೆ. ಇಲಾಖೆಯವರು ಮುಂಚೆನೇ ತಿಳಿಸಿದ್ದಾರೆ. ನೀರು ಪೂರ್ತಿ ಖಾಲಿ ಮಾಡ್ತಾರೆ, ತಳ ಕಾಣೋ ತನಕ. ಅಣೆಕಟ್ಟು ಕಟ್ಟಿದ ಮೇಲೆ ಇದೇ ಮೊದಲು."

"ಅಂದ್ರೆ ಮದುವೆ ದಿನ ಇಲ್ಲಿ..."

"ಕೆಸರು. ಗುಡ್ಡದ ತನಕ ಬರೀ ಕೆಸರು. ಇದನ್ನ ಮೊದಲೇ ಹೇಳಿದ್ರೆ ಆ ಇಡೀ ತಿಂಗಳು ಒಬ್ಬರೂ ಬರಲ್ಲ ದೊಡ್ಡಮ್ಮ. ನನ್ನ ಕೆಲಸ ಹೋಗುತ್ತೆ. ಅದಕ್ಕೇ ಸುಮ್ನಿದ್ದೆ. ಆ ಫೋನು ಮಾಡಿದವನಿಗೆ ಮಾತ್ರ ಅದು ಹೇಗೋ ಗೊತ್ತಿತ್ತು. ರದ್ದು ಮಾಡ್ತೀರೋ, ಇಲ್ಲಾ ಗೇಟಿನ ವಿಷಯ ಎಲ್ಲರಿಗೂ ಹೇಳ್ಲೋ ಅಂದ."

ದೊಡ್ಡಮ್ಮ ಕಿಟಕಿಯಿಂದ ಹೊರಗೆ ನೋಡಿದರು. ಮುಂಗಡ ಮೇಡಂ ಕುರ್ಚಿಗಳನ್ನು ಒಂದೊಂದಾಗಿ ಮತ್ತೆ ನೀರಿನ ಕಡೆಗೆ ತಿರುಗಿಸುತ್ತಿದ್ದರು. ಪಾಪ, ಬಿಸಿಲು, ಗಾಳಿ, ಹಕ್ಕಿ ಎಲ್ಲವನ್ನೂ ವರ್ಷ ಮುಂಚೆ ಅಳೆದಿಟ್ಟ ಹೆಂಗಸಿಗೆ ಎದುರಿನ ಇಷ್ಟಗಲ ನೀರು ಮುಂದಿನ ವರ್ಷವೂ ಅಲ್ಲೇ ಇರುತ್ತದೆಯೇ ಎಂದು ಕೇಳಬೇಕೆಂದು ಹೊಳೆದಿರಲಿಲ್ಲ. ಯಾರಿಗಾದರೂ ಹೇಗೆ ಹೊಳೆದೀತು?

*

ಡಾಕ್ಟರು ಊಟದ ಕೋಣೆಯ ಹಿಂದಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ. ಬೆರಳ ಸಂದಿ, ಉಗುರು, ಮಣಿಕಟ್ಟು, ಮತ್ತೆ ಬೆರಳ ಸಂದಿ. ಕೈಯಲ್ಲಿ ಕೊಳೆಯೇನೂ ಇರಲಿಲ್ಲ.

"ಸಾಕು ಬಿಡಪ್ಪ, ಚರ್ಮ ಕಿತ್ತು ಬಂದೀತು," ಎಂದರು ದೊಡ್ಡಮ್ಮ.

ಅವನು ನಲ್ಲಿ ನಿಲ್ಲಿಸಿದ.

"ಮದುವೆ ಕೆಡಿಸಬೇಕು ಅನ್ನೋರು ಅಡುಗೆಯವರನ್ನ ಬೇಡ ಅಂತಾರೆ, ಬ್ಯಾಂಡಿನವರನ್ನ ಬೇಡ ಅಂತಾರೆ, ಬಟ್ಟೆ ಹೊಲಿಯೋನಿಗೆ ಸುಳ್ಳು ಅಳತೆ ಕೊಡ್ತಾರೆ. ಇಲ್ಲಿ ಅದೇನೂ ಆಗಿಲ್ಲ. ಎರಡು ಸಲಾನೂ ರದ್ದಾಗಿದ್ದು ಜಾಗ ಒಂದೇ. ಅಂದ್ರೆ ಫೋನು ಮಾಡಿದವನಿಗೆ ಮದುವೆ ಬೇಕು, ಜಾಗ ಬೇಡ. ಎರಡು ಸಲಾನೂ ಮಾರನೇ ದಿನವೇ ನೀನು ಬೇರೆ ಕಡೆಯ ಫೋಟೋ ಹಿಡ್ಕೊಂಡು ಮಾವನ ಮನೆಗೆ ಹೋಗಿದ್ದೀಯ, ಅವರೇ ಹೇಳಿದ್ರು. ಇವತ್ತು ಕುರ್ಚಿ ತಿರುಗಿಸಿದೆ. ನಾನಿನ್ನೂ ಹೇಳ್ಬೇಕಾ, ನೀನೇ ಹೇಳ್ತೀಯಾ?"

ಡಾಕ್ಟರು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಹಲ್ಲು ಕೀಳುವವನ ಮುಂದೆ ಎಲ್ಲರೂ ಬಾಯಿ ತೆರೆದು ಅಭ್ಯಾಸ, ತಾನು ಬಾಯಿ ತೆರೆಯುವುದು ಅವನಿಗೆ ಕಷ್ಟವಾಯಿತು.

"ನಾನೇ ಮಾಡಿದ್ದು."

"ಅದು ಗೊತ್ತಾಯ್ತು. ಯಾಕೆ?"

"ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೀನಿ."

"ಯಾರಿಗೆ? ಪುಟ್ಟಿಗಾ?"

ಅವನು ಹೌದೆಂದು ತಲೆಯಾಡಿಸಿದ. ದೊಡ್ಡಮ್ಮ ಅಲ್ಲಿದ್ದ ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿ ಜಾಗ ಬಿಟ್ಟರು. ಸ್ವಲ್ಪ ಹೊತ್ತು ನಿಂತೇ ಇದ್ದವನು ಕೊನೆಗೆ ಬಂದು ಕೂತ.

"ಒಂದಿನ ಆಫೀಸಿಂದ ನೇರ ನನ್ನ ಕ್ಲಿನಿಕ್ಕಿಗೇ ಬಂದ್ಲು. ರೋಗಿಗಳು ಕೂರೋ ಕುರ್ಚೀಲಿ ಕೂತು ಅಳೋಕೆ ಶುರು ಮಾಡಿದ್ಲು. ಹೊರಗೆ ಕಾಯ್ತಿದ್ದವರು ನನ್ನ ಕೈಗುಣಕ್ಕೆ ಹೆದರಿ ಎದ್ದು ಹೋದ್ರು." ನಗಲು ನೋಡಿದ, ಆಗಲಿಲ್ಲ. "ಅವಳ ಕೆಲಸ ಗೊತ್ತಲ್ಲ, ಎಂಜಿನಿಯರುಗಳಿಗೆ ನಕ್ಷೆ ಬಿಡಿಸಿಕೊಡೋದು. ಅವತ್ತು ಅವಳ ಮೇಜಿಗೆ ಬಂದಿದ್ದು ಈ ಅಣೆಕಟ್ಟಿನ ಗೇಟು ರಿಪೇರಿ ಕೆಲಸ. ಅದರಲ್ಲಿ ಈ ಗೋಪುರದ ಚಿತ್ರ ಇತ್ತು."

"ಅದಕ್ಕೆ ಅಳೋದು ಯಾಕೆ?"

"ಚಿಕ್ಕವಳಿದ್ದಾಗ ಅವಳು ಅದನ್ನ ನೋಡಿದ್ಲು ದೊಡ್ಡಮ್ಮ. ಕಾರಿನ ಹಿಂದಿನ ಸೀಟಲ್ಲಿ ಕೂತು, ಕಿಟಕಿಯಿಂದ. ನೀರಿನ ಮಧ್ಯೆ ಟೋಪಿ ಹಾಕ್ಕೊಂಡು ನಿಂತಿರೋ ಮನುಷ್ಯ ಅಂದ್ಕೊಂಡಿದ್ಲಂತೆ. ಮುಂದಿನ ಸೀಟಲ್ಲಿ ಅಪ್ಪ ಅಮ್ಮ ಜಗಳ ಆಡ್ತಿದ್ರು. ಆಮೇಲೆ ಅವಳಿಗೆ ನಿದ್ದೆ ಬಂತು. ಎದ್ದಾಗ ಮನೇಲಿದ್ಲು. ಅಮ್ಮ ಇರ್ಲಿಲ್ಲ. ಕಾರೂ ಇರ್ಲಿಲ್ಲ."

ದೊಡ್ಡಮ್ಮ ಅವನ ಕಡೆ ತಿರುಗಿ ಕೂತರು.

"ಯಜಮಾನರು ಏನಂದಿದ್ರು ಅವಳಿಗೆ?"

"ಅಮ್ಮ ನಮ್ಮನ್ನ ಬಿಟ್ಟು ಕಾರು ತಗೊಂಡು ಹೊರಟುಹೋದ್ಲು, ಇನ್ನು ಬರಲ್ಲ ಅಂದ್ರಂತೆ. ಇವತ್ತಿಗೂ ಅದನ್ನೇ ಹೇಳ್ತಾರೆ. ನಾವು ಯಾವತ್ತಾದ್ರೂ ಅಣೆಕಟ್ಟು ನೋಡೋಕೆ ಹೋಗಿದ್ವಾ ಅಂತ ಅವಳು ಆಗಾಗ ಕೇಳ್ತಿದ್ಲು. ಎಲ್ಲೂ ಹೋಗಿಲ್ಲ ಅಂತಿದ್ರು."

"ಪೊಲೀಸಿಗೆ ಹೇಳಬಹುದಿತ್ತು."

"ಏನಂತ? ಟೋಪಿ ಹಾಕ್ಕೊಂಡ ಮನುಷ್ಯನ್ನ ನೋಡಿದ್ದೆ ಅಂತಾನಾ? ನೀವಾಗಿದ್ರೆ ದೂರು ಬರ್ಕೊಳ್ತಿದ್ರಾ?"

ಊಟ ಆಯ್ತೇನಮ್ಮ ಎಂದು ಕೇಳಿ ಕಳಿಸುತ್ತಿದ್ದೆ ಎಂದು ದೊಡ್ಡಮ್ಮನಿಗೆ ಅನ್ನಿಸಿತು, ಅದು ಅವರಿಗೇ ಚುಚ್ಚಿತು.

"ಅದಕ್ಕೆ ಮದುವೆ ದಿನವೇ ಬೇಕಿತ್ತಾ? ನೀರು ಖಾಲಿ ಆದಾಗ ಒಬ್ಬಳೇ ಬಂದು ನೋಡ್ಕೊಂಡು ಹೋಗಬಹುದಿತ್ತಲ್ಲ."

"ನಾನೂ ಅದನ್ನೇ ಕೇಳಿದೆ. ನನಗೆ ಕೆಸರಲ್ಲಿ ಏನಿದೆ ಅಂತ ನೋಡೋದು ಬೇಡ, ಅಪ್ಪನ ಮುಖ ನೋಡ್ಬೇಕು ಅಂದ್ಲು. ತಳ ಕಾಣೋವಾಗ ಅವರನ್ನ ಇಲ್ಲಿ ತಂದು ಕೂರಿಸೋಕೆ ಮಗಳ ಮದುವೆ ಬಿಟ್ರೆ ಇನ್ಯಾವ ನೆಪ ಇದೆ ಅಂದ್ಲು. ಅವರು ನಗ್ತಾ ಕೂತಿದ್ರೆ ಸಾಕು, ಆಮೇಲೆ ಈ ಜನ್ಮದಲ್ಲಿ ಅಮ್ಮನ ಮಾತೆತ್ತಲ್ಲ ಅಂದ್ಲು." ಅವನ ದನಿ ಇಳಿಯಿತು. "ಅಪ್ಪ ಅಂದ್ರೆ ಪ್ರಾಣ ಅವಳಿಗೆ. ಜಡೆ ಹಾಕೋದರಿಂದ ಹಿಡಿದು ಎಲ್ಲಾ ಅವರೇ ಮಾಡಿ ಬೆಳೆಸಿದ್ದಾರೆ. ಅವರನ್ನ ನಂಬಬೇಕು ಅಂತಾನೇ ಅವಳು ಇಷ್ಟೆಲ್ಲಾ ಮಾಡ್ತಿರೋದು. ಒಂದು ವೇಳೆ ಅಲ್ಲೇನಾದ್ರೂ ಕಂಡ್ರೆ? ನನ್ನ ಹೆಂಡತಿ ಮದುವೆ ಬಟ್ಟೇಲಿ ನಿಂತು ಅದನ್ನ ನೋಡ್ಬೇಕಾ? ಅದಕ್ಕೇ ಫೋನು ಮಾಡಿದೆ. ತಪ್ಪಾಗಿದ್ರೆ ತಪ್ಪು."

ಅವನ ಕಣ್ಣು ತುಂಬಿತ್ತು. ದೊಡ್ಡಮ್ಮ ಅವನ ಬೆನ್ನ ಮೇಲೆ ಕೈಯಿಟ್ಟರು. ಕಳ್ಳನನ್ನು ಹಿಡಿಯಲು ಬಂದು ಒಳ್ಳೆಯ ಗಂಡನೊಬ್ಬನನ್ನು ಹಿಡಿದಂತಾಗಿತ್ತು.

ಪತ್ತೇದಾರಿಕೆ ಅಲ್ಲಿಗೆ ಮುಗಿಯಬೇಕಿತ್ತು. ಫೋನು ಮಾಡಿದವನು ಸಿಕ್ಕಿದ್ದ, ಕಾರಣವೂ ಸಿಕ್ಕಿತ್ತು. ಯಾರು ಅಂತ ಹುಡುಕಿಕೊಡಿ ಎಂದು ಕೇಳಿದ್ದ ಯಜಮಾನರಿಗೆ ಹೋಗಿ ಉತ್ತರ ಹೇಳುವುದಷ್ಟೇ ಬಾಕಿ. ಆದರೆ ಯಾರು ಎಂದ ಕೂಡಲೇ ಯಾಕೆ ಎನ್ನುತ್ತಾರೆ. ಯಾಕೆ ಎಂಬುದನ್ನು ಹೇಳಿದರೆ ಮಗಳು ತನ್ನ ಮೇಲೆ ಕಣ್ಣಿಟ್ಟಿದ್ದಾಳೆಂಬುದು ಅವರಿಗೆ ತಿಳಿದುಬಿಡುತ್ತದೆ. ತಿಳಿದ ಮೇಲೆ ಮುಂದಿನ ವರ್ಷ ಅವರ ಮುಖ ಹೇಗಿದ್ದರೂ ಆ ಹುಡುಗಿಗೆ ನಂಬಿಕೆ ಬರುವುದಿಲ್ಲ. ಹೇಳದೆ ಬಿಟ್ಟರೆ ಕೆಲಸ ಕೊಟ್ಟವರಿಗೆ ಮೋಸ.

ಇನ್ನೊಂದು ಮಾತೂ ದೊಡ್ಡಮ್ಮನನ್ನು ಕೊರೆಯುತ್ತಿತ್ತು. ಯಜಮಾನರು ತಪ್ಪಿತಸ್ಥರಾಗಿದ್ದರೆ ಮಗಳು ಈ ಜಾಗದ ಹೆಸರೆತ್ತಿದ ಕೂಡಲೇ ಬೇಡ ಎನ್ನಬೇಕಿತ್ತು. ಬುಕಿಂಗ್ ರದ್ದಾದಾಗ ಪೀಡೆ ತೊಲಗಿತು ಎಂದು ಸುಮ್ಮನಿರಬೇಕಿತ್ತು. ಅವರೇ ಓಡಾಡಿ ಮತ್ತೆ ಬುಕ್ ಮಾಡಿಸಿದರು, ಅದನ್ನು ಕಾಯಲು ನಿವೃತ್ತ ಪೊಲೀಸಿನವಳನ್ನು ಕರೆತಂದರು. ಹೀಗೆ ಯಾರಾದರೂ ಮಾಡುತ್ತಾರೆಯೇ? ಇಲ್ಲ, ಎನ್ನಿಸುತ್ತಿತ್ತು. ಮರುಗಳಿಗೆಯಲ್ಲೇ, ನೀರು ಯಾವಾಗಲೂ ಇರುತ್ತದೆ ಎಂದು ನಂಬಿದವನು ಹೀಗೆಯೇ ಮಾಡುತ್ತಾನೆ ಎಂದೂ ಅನ್ನಿಸುತ್ತಿತ್ತು. ಬೇಡ ಎಂದರೆ ತಾನೇ ಯಾಕೆ ಎಂಬ ಪ್ರಶ್ನೆ ಹುಟ್ಟುವುದು?

ಎರಡರಲ್ಲಿ ಯಾವುದು ನಿಜವಾಗಲಿ ಎಂದು ಅವರ ಮನಸ್ಸು ಬಯಸುತ್ತಿತ್ತೋ ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಯಜಮಾನರು ಅವರಿಗೆ ಇಷ್ಟವಾಗಿದ್ದರು. ದಾರಿಯುದ್ದಕ್ಕೂ ಕಾರಿನಲ್ಲಿ ಮಗಳ ಬಾಲ್ಯದ ಕತೆ ಹೇಳಿ ನಗಿಸಿದ್ದ ಮನುಷ್ಯ. ಹೆಂಡತಿಯ ಮಾತು ಮಾತ್ರ ಒಂದು ಸಲವೂ ಬಂದಿರಲಿಲ್ಲ.

"ದೊಡ್ಡಮ್ಮ, ಏನು ಮಾಡ್ತೀರಿ ಈಗ?" ಎಂದ ಡಾಕ್ಟರು.

"ಮೊದಲು ಪುಟ್ಟಿ ಹತ್ತಿರ ಮಾತಾಡ್ತೀನಿ. ಅಲ್ಲಿ ತನಕ ನೀನೂ ಬಾಯಿ ಬಿಡಬೇಡ, ನಾನೂ ಬಿಡಲ್ಲ."

ಅಷ್ಟರಲ್ಲಿ ಹುಲ್ಲುಹಾಸಿನ ಕಡೆಯಿಂದ ಮುಂಗಡ ಮೇಡಂ ದನಿ ಕೇಳಿಸಿತು. ಆ ದನಿ ಕೇಳಿದರೆ ಸಾಕು, ಏನೋ ಎಡವಟ್ಟಾಗಿದೆ ಎಂದು ಯಾರಿಗಾದರೂ ತಿಳಿಯುತ್ತಿತ್ತು.

*

ಮ್ಯಾನೇಜರ್ ಒಂದು ಸಲ ಬಾಯಿಬಿಟ್ಟವನು ಇನ್ನೊಂದು ಸಲ ಹಿಡಿದಿಟ್ಟುಕೊಳ್ಳಲಾರದೆ ಮೇಡಂ ಹತ್ತಿರ ಹೋಗಿ ಎಲ್ಲ ಒಪ್ಪಿಸಿಬಿಟ್ಟಿದ್ದ.

"ಕೆಸರಂತೆ," ಎನ್ನುತ್ತಿದ್ದರು ಮೇಡಂ. ಸಿಟ್ಟಿಗಿಂತ ಅವಮಾನ ಹೆಚ್ಚಾಗಿತ್ತು ಅವರ ದನಿಯಲ್ಲಿ. "ಬಂದವರೆಲ್ಲ ಕೆಸರು ನೋಡ್ಕೊಂಡು ಊಟ ಮಾಡ್ಬೇಕಾ? ಇಷ್ಟು ವರ್ಷದಲ್ಲಿ ನನಗೆ ಹೀಗಾಗಿದ್ದೇ ಇಲ್ಲ."

ದೊಡ್ಡಮ್ಮ ಓಡುನಡಿಗೆಯಲ್ಲಿ ಬಂದರು. ತಡವಾಗಿತ್ತು. ಯಜಮಾನರು ಮುಂದಿನ ಸಾಲಿನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಮುಖದಲ್ಲಿ ಇನ್ನೂ ನಗು ಉಳಿದಿತ್ತು, ಬಂದವರು ಹೊರಟುಹೋದ ಮೇಲೂ ಆರಿಸಲು ಮರೆತ ದೀಪದ ಹಾಗೆ.

"ಪೂರ್ತೀನಾ?" ಎಂದು ಮ್ಯಾನೇಜರನನ್ನು ಕೇಳಿದರು. "ಗೋಪುರದ ಆಚೆಗೂ?"

"ಎಲ್ಲಾ ಕಡೇನೂ ಸಾರ್. ತಳ ಕಾಣೋ ತನಕ."

ಯಜಮಾನರು ಕುರ್ಚಿಯನ್ನು ಅಲ್ಲಾಡಿಸಿ ನೋಡದೆ, ಕಾಲು ಗಟ್ಟಿಯಿದೆಯೇ ಎಂದು ಯೋಚಿಸದೆ, ಅದರ ಮೇಲೆ ಕೂತುಬಿಟ್ಟರು.

ಪುಟ್ಟಿ ಅವರ ಎದುರಿಗೇ, ನೀರಿಗೆ ಬೆನ್ನು ಮಾಡಿ ನಿಂತಿದ್ದಳು. ಒಂದು ವರ್ಷ ಕಾದು ನೋಡಬೇಕೆಂದಿದ್ದ ಮುಖ ಇವತ್ತೇ, ಕೈಗೆಟುಕುವಷ್ಟು ಹತ್ತಿರ ಇತ್ತು. ಡಾಕ್ಟರು ಅವಳ ತೋಳು ಹಿಡಿಯಲು ಹೋದ. ಅವಳು ಬಿಡಿಸಿಕೊಂಡಳು.

"ಅಪ್ಪ," ಎಂದಳು. "ಜಾಗ ಬದಲಾಯಿಸೋಣ್ವಾ?"

ಆ ಪ್ರಶ್ನೆಯಲ್ಲಿ ಅವಳು ಅಪ್ಪನಿಗೆ ಬಾಗಿಲು ತೆರೆದು ಹಿಡಿದಿದ್ದಳು. ಕೆಸರಿನಲ್ಲಿ ಯಾರು ಮದುವೆ ಮಾಡಿಕೊಳ್ಳುತ್ತಾರೆ, ನಡಿ ಹೋಗೋಣ ಎಂದು ಅವರು ನಕ್ಕುಬಿಟ್ಟರೆ ಯಾರೂ ಏನೂ ಕೇಳುವಂತಿರಲಿಲ್ಲ. ಅವಳೂ ಬಹುಶಃ ಕೇಳುತ್ತಿರಲಿಲ್ಲ.

ಯಜಮಾನರು ಮಗಳ ಮುಖ ನೋಡಿದರು. ನೋಡುತ್ತ ನೋಡುತ್ತ ಅವರಿಗೆ ಎಲ್ಲ ಅರ್ಥವಾಗುತ್ತ ಹೋದದ್ದು ದೊಡ್ಡಮ್ಮನಿಗೆ ಕಾಣಿಸಿತು. ಈ ಜಾಗ ಯಾಕೆ, ಈ ತಿಂಗಳು ಯಾಕೆ, ಇಷ್ಟು ಮುಂಚೆ ಯಾಕೆ.

"ನಿನಗೆ ಆ ದಿನ ನೆನಪಿದೆ," ಎಂದರು. "ನಿದ್ದೆ ಮಾಡ್ತಿದ್ದೀಯ ಅಂದ್ಕೊಂಡಿದ್ದೆ."

ಮುಂಗಡ ಮೇಡಂ ಏನೂ ತಿಳಿಯದೆ ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಜಾಗ ಬದಲಾಯಿಸಬೇಡ," ಎಂದರು ಯಜಮಾನರು. ಈಗ ಅವರ ದನಿ ಸ್ಥಿರವಾಗಿತ್ತು, ಎಷ್ಟೋ ವರ್ಷದಿಂದ ಹೊತ್ತಿದ್ದನ್ನು ಕೆಳಗಿಳಿಸಿದವರ ದನಿ. "ಇಲ್ಲೇ ಮದುವೆ ಆಗು. ನೀರು ಇಳೀಲಿ, ನೋಡು. ಅಲ್ಲಿ ನಮ್ಮ ಕಾರು ಸಿಗುತ್ತೆ ಪುಟ್ಟಿ. ನಾನೇ ತಳ್ಳಿದ್ದು."

ಅವರು ಮಗಳ ಕೈ ಹಿಡಿದುಕೊಂಡರು.

"ಆದ್ರೆ ನಿಮ್ಮಮ್ಮ ಅದರಲ್ಲಿಲ್ಲ. ಜಗಳ ಆಡಿ ಇಲ್ಲೇ ಇಳಿದು ಹೊರಟುಹೋದ್ಲು, ಆ ಸಿಟ್ಟಲ್ಲಿ ನಿನ್ನನ್ನ ಎತ್ಕೊಂಡು ಇಳಿದು ಕಾರನ್ನ ನೀರಿಗೆ ತಳ್ಳಿಬಿಟ್ಟೆ. ನಿನ್ನ ಮದುವೆಗೆ ಬರ್ತೀನಿ ಅಂದಿದ್ದಾಳೆ."